ಬಿಚ್ಚದ ಅಂಗಿ

ಬಾಳೂರಿನ ಕೆಂಪು ಕೆಸರಿನಲ್ಲಿ ಪಾದದವರೆಗಿನ ಬಿಳಿ ನಿಲುವಂಗಿ ತೊಟ್ಟು ಓಡಾಡುವ ಹಟ ಅವರೊಬ್ಬರದೇ. ತೊಂಬತ್ತರ ದಶಕದಲ್ಲಿ ನಾನಲ್ಲಿ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಅವರು ಪಕ್ಕದ ಚರ್ಚ್ ಹಾಸ್ಟೆಲಿನ ಬ್ರದರ್. ಪಾದ್ರಿಯಲ್ಲ, ಮಕ್ಕಳಿಗೆ ಅಡುಗೆ ಮಾಡಿ ಹಾಕುವ ಸನ್ಯಾಸಿ. ಅಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಸೌದೆ ಒಡೆಯುತ್ತಿದ್ದರು. ಕೊಳೆಯಾಯಿತೆಂದರೆ, "ಒಗೆದ್ರಾಯ್ತು ಬಿಡಿ" ಎನ್ನುತ್ತಿದ್ದರು.

ಒಂದು ವರ್ಷ ಮತಾಂತರದ ಗುಲ್ಲೆದ್ದಿತು. ನಿಲುವಂಗಿಯವರು ಪೇಟೆಗೆ ಬಂದರೆ ಬಿಡುವುದಿಲ್ಲವೆಂದು ಕೆಲವರು ಕೂಗಾಡುತ್ತಿದ್ದರು. ಸಂತೆಗೆ ಹೊರಟ ಬ್ರದರನ್ನು ಜೀಪಿನ ಬಳಿ ತಡೆದೆ. "ಇವತ್ತೊಂದಿನ ಪ್ಯಾಂಟು ಷರ್ಟು ಹಾಕ್ಕೊಂಡು ಹೋಗಿ ಮಾರಾಯ್ರೆ."

ಅವರಿಗೆ ರೇಗಿತು. "ಹಿಂದೆ ಯಾವ್ದೋ ದೇಶದಲ್ಲಿ ಯುದ್ಧ ನಡೀವಾಗ ನಮ್ಮ ಚರ್ಚಿನೋರನ್ನ ಹುಡುಕಿ ಹುಡುಕಿ ಕೊಲ್ತಿದ್ರು. ಅಲ್ಲಿ ನಮ್ಮ ಸನ್ಯಾಸಿ ಸಭೆಯ ಬ್ರದರ್ ಒಬ್ರು, ನನ್ನ ಹಾಗೇ ಅಡುಗೆಯವ್ರು. ನೀನು ಪಾದ್ರಿ ಅಲ್ವಲ್ಲ, ಅಂಗಿ ಬಿಚ್ಚಾಕಿ ಮನೆಗೆ ಹೋಗು ಅಂದ್ರಂತೆ ಸೈನಿಕರು. ಅವ್ರು ಬಿಚ್ಚಲ್ಲ ಅಂದ್ರು. ಅಡುಗೆಮನೆ ಬಾಗಿಲಲ್ಲೇ ಗುಂಡು ಹೊಡೆದ್ರು. ನಾನು ಬದನೆಕಾಯಿ ತರೋಕೆ ಹೆದರಿ ಬಿಚ್ಚಿಡ್ಲಾ?"

ಸಂಜೆ ಜೀಪಿನಿಂದ ಇಳಿದಾಗ ಅಂಗಿಯ ಮೇಲೆ, ಎದೆಯಿಂದ ಮಂಡಿಯವರೆಗೆ, ಯಾರೋ ಎರಚಿದ ಕರಿ ಆಯಿಲ್. "ಒಗೆದ್ರಾಯ್ತು ಬಿಡಿ" ಎಂದು ತರಕಾರಿ ಚೀಲ ಹೊತ್ತು ಒಳಗೆ ಹೋದರು.

ಮರುದಿನ ಒಗೆದರು. ಹಿತ್ತಲಿನ ಹಗ್ಗ ಬಿಟ್ಟು ರಸ್ತೆ ಬದಿಯ ಬೇಲಿಗೇ ಹರವಿದರು. ಕಲೆ ಹೋಗಲಿಲ್ಲ. ಮುಂದಿನ ಸಂತೆಗೂ ಅದನ್ನೇ ತೊಟ್ಟು ಜೀಪು ಹತ್ತಿದರು.

"ಬೇರೆ ಅಂಗಿ ಇಲ್ವಾ ಬ್ರದರ್?"

"ಇದೆ. ಆದ್ರೆ ಎರಚಿದವ್ರಿಗೆ ನನ್ನ ಗುರುತು ಸಿಗ್ಬೇಕಲ್ಲ!"