ಗುಳ್ಳೆ ಮೇಷ್ಟ್ರ ಲಾಗಿನ್

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸಿಸ್ಟಮ್ ಅಕ್ಕ ಎಂದೇ ಕರೆಯುತ್ತಿದ್ದರು. ಬಾಗಿಲ ಮೇಲೆ ‘ಮಾಹಿತಿ ತಂತ್ರಜ್ಞಾನ ವ್ಯವಸ್ಥಾಪಕರು’ ಎಂದು ಉದ್ದಕ್ಕೆ ಬರೆದ ಫಲಕವಿತ್ತು. ಅದನ್ನು ಓದಿ ಮುಗಿಸುವ ವ್ಯವಧಾನ ಯಾರಿಗಿದೆ ಹೇಳಿ. ಪ್ರಿಂಟರ್ ಕಾಗದ ನುಂಗಿದರೂ ಅಕ್ಕ, ಗೇಟಿನಲ್ಲಿ ಬೆರಳಚ್ಚು ಹಿಡಿಯದಿದ್ದರೂ ಅಕ್ಕ. ಒಮ್ಮೆ ಕ್ಯಾಂಟೀನಿನ ಫ್ಯಾನ್ ನಿಂತಾಗಲೂ ಒಬ್ಬ ಅವಳಿಗೇ ಫೋನ್ ಮಾಡಿದ್ದ. "ಅದಕ್ಕೂ ವೈರ್ ಇದೆಯಲ್ಲಕ್ಕ" ಎನ್ನುವುದು ಅವನ ವಾದ. ಅಕ್ಕ ಬೈಯುತ್ತಲೇ ಹೋಗಿ ಸ್ವಿಚ್ ನೋಡಿ ಬಂದಿದ್ದಳು.

ಅಲ್ಲಿ ತಯಾರಾಗುತ್ತಿದ್ದುದು ಗ್ಯಾಸ್ ಸಿಲಿಂಡರಿನ ತಲೆಗೆ ಕೂರಿಸುವ ಹಿತ್ತಾಳೆ ವಾಲ್ವ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಆದರೆ ಒಂದು ಸೋರಿದರೆ ಒಂದು ಅಡುಗೆಮನೆಯೇ ಹಾರಿಹೋದೀತು. ಹಾಗಾಗಿ ಪ್ರತಿಯೊಂದಕ್ಕೂ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುತ್ತದೋ ಎಂದು ನೋಡಬೇಕು. ಆ ತೊಟ್ಟಿಯ ಉಸ್ತುವಾರಿ ಅವಳ ಗಂಡನದು. ಇಡೀ ದಿನ ನೀರಿನೊಳಗೆ ಗುಳ್ಳೆ ಹುಡುಕುತ್ತ ಕೂರುವವನನ್ನು, ಹೊಸಬರಿಗೆಲ್ಲ ಹುಡುಕುವುದನ್ನು ಕಲಿಸುವವನನ್ನು ಜನ ಇನ್ನೇನೆಂದಾರು? ಗುಳ್ಳೆ ಮೇಷ್ಟ್ರು ಎಂದರು. ಮನೆಯಲ್ಲಿ ಅವಳೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಮೇಷ್ಟ್ರಿಗೆ ಒಂದೇ ಒಂದು ಜಂಬ. ಬಟ್ಟೆಬರೆಯದಲ್ಲ, ಮಾತಿನದಲ್ಲ. ಅವನ ಕೈ ದಾಟಿ ಹೋದ ಒಂದು ವಾಲ್ವೂ ವಾಪಸ್ ಬಂದಿರಲಿಲ್ಲ. ಪರೀಕ್ಷೆ ಮಾಡಿದವರ ಹೆಸರು, ವಾಪಸ್ ಬಂದ ಮಾಲಿನ ಲೆಕ್ಕ ಎರಡೂ ಅಕ್ಕ ನಡೆಸುವ ಸಿಸ್ಟಮ್ಮಿನಲ್ಲೇ ಇದ್ದವಲ್ಲ, ಆಗಾಗ ಅವಳ ಕೋಣೆಯ ಬಾಗಿಲಿಗೆ ಬಂದು ನಿಂತು, "ಏನೇ, ನನ್ನ ಹೆಸರಿನ ಮುಂದೆ ಇನ್ನೂ ಸೊನ್ನೆನೇ ಇದೆಯಾ?" ಎಂದು ಕೇಳುತ್ತಿದ್ದ.

"ಇದೆ ಕಣ್ರೀ. ಸ್ಕೂಲಲ್ಲೂ ಸೊನ್ನೆ ತಗೊಂಡೇ ಬಂದೋರು ನೀವು, ಅಭ್ಯಾಸ ಎಲ್ಲಿ ಹೋಗುತ್ತೆ" ಎನ್ನುತ್ತಿದ್ದಳು ಅವಳು. ಅವನು ನಗುತ್ತ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರಟುಬಿಡುತ್ತಿದ್ದ.

ಒಂದು ಮಧ್ಯಾಹ್ನ ಶಿಫ್ಟ್ ಮುಗಿಸಿ ಕಂಪನಿ ಬಸ್ಸು ಹತ್ತಿದವನು ಕಿಟಕಿಗೆ ತಲೆ ಆನಿಸಿ ಕೂತ. ನಿದ್ದೆ ಹತ್ತಿದೆ ಎಂದುಕೊಂಡು ಯಾರೂ ಎಬ್ಬಿಸಲಿಲ್ಲ. ಬಸ್ಸು ಅವನ ಮನೆಯ ನಿಲ್ದಾಣ ದಾಟಿ ಕಡೇ ನಿಲ್ದಾಣ ಮುಟ್ಟಿತು. ಡ್ರೈವರ್ ಬಂದು ಭುಜ ಮುಟ್ಟಿದಾಗ ಗೊತ್ತಾಯಿತು, ಹೃದಯ ದಾರಿಯಲ್ಲೇ ನಿಂತಿತ್ತು. ಅಕ್ಕ ಆಗ ಸರ್ವರ್ ಕೋಣೆಯಲ್ಲಿದ್ದಳು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಸುದ್ದಿ ಅವಳಿಗೆ ತಲುಪುವ ಹೊತ್ತಿಗೆ ಕಾರ್ಖಾನೆಯ ಅರ್ಧಕ್ಕೆ ತಲುಪಿಯಾಗಿತ್ತು.

ಈಗ ಕತೆಯ ಗಂಟು ಎಲ್ಲಿದೆ ಹೇಳುತ್ತೇನೆ. ಯಾರೇ ಕೆಲಸ ಬಿಡಲಿ, ನಿವೃತ್ತರಾಗಲಿ, ಸಾಯಲಿ, ಅವತ್ತೇ ಅವರ ಲಾಗಿನ್ ಮುಚ್ಚಬೇಕು. ಇದು ಅಕ್ಕನೇ ಬರೆದ ನಿಯಮ. ಮುಚ್ಚುವುದು ಒಂದು ದಿನ ತಡವಾದರೂ ತನ್ನ ಕೈಕೆಳಗಿನವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಗಂಡನ ಲಾಗಿನ್ನನ್ನು ಮಾತ್ರ ಅವಳು ಮುಚ್ಚಲಿಲ್ಲ.

ಬೇಕೆಂದು ಮಾಡಿದ್ದಲ್ಲ, ಮೊದಮೊದಲು. ಕ್ರಿಯಾಕರ್ಮ ಮುಗಿಸಿ ಕೆಲಸಕ್ಕೆ ಬಂದ ಬೆಳಿಗ್ಗೆ ಕಂಪ್ಯೂಟರ್ ತೆರೆದು ನೋಡಿದರೆ, ಯಾರು ಯಾರು ಕೆಲಸದಲ್ಲಿದ್ದಾರೆ ಎಂದು ತೋರಿಸುವ ಪರದೆಯಲ್ಲಿ ಅವನ ಹೆಸರಿನ ಪಕ್ಕ ಹಸಿರು ದೀಪ ಉರಿಯುತ್ತಿತ್ತು. ತೊಟ್ಟಿಯ ಕಡೆ ಓಡಿದಳು. ಅಲ್ಲಿ ಮೇಷ್ಟ್ರ ಜೊತೆ ಬಹಳ ಕಾಲದಿಂದ ಇದ್ದ, ಎಲ್ಲರೂ ಕನ್ನಡಕದ ಮಾಮ ಎನ್ನುತ್ತಿದ್ದ ಹಿರಿಯ ಕೆಲಸಗಾರ ಗಾಳಿಯ ನಳಿಕೆ ಹಿಡಿದು ಕೂತಿದ್ದ.

"ಮಾಮ, ಇದು ಯಾರ ಲಾಗಿನ್ನಲ್ಲಿ ನಡೀತಿದೆ?"

"ಮೇಷ್ಟ್ರದ್ದೇ ಅಕ್ಕ. ನಮ್ಮದ್ರಲ್ಲಿ ಮಾಲು ಪಾಸ್ ಮಾಡೋಕೆ ಬರಲ್ವಲ್ಲ. ಮೊದಲಿಂದಲೂ ಹಂಗೇ, ಬೆಳಿಗ್ಗೆ ಯಾರು ಮೊದ್ಲು ಬರ್ತಾರೋ ಅವರು ತೆಗೀತಾರೆ. ಕೈಯೆಲ್ಲ ಎಣ್ಣೆ, ನೀರು. ಘಳಿಗೆಗೊಂದು ಸಲ ಯಾರು ಪಾಸ್‌ವರ್ಡ್ ಒತ್ತುತ್ತಾ ಕೂರ್ತಾರೆ?" ಎಂದ ಮಾಮ. ಆಮೇಲೆ ತಲೆ ತಗ್ಗಿಸಿ, "ಪರದೆ ತೆಗೆದಾಗ ಮೇಷ್ಟ್ರು ಬಂದ್ರು ಅಂತೀವಿ. ಬೇಜಾರಾದ್ರೆ ನಿಲ್ಲಿಸಿಬಿಡಿ" ಎಂದ.

ಮಾಲು ಪಾಸ್ ಮಾಡುವ ಅಧಿಕಾರವನ್ನು ಮಾಮನ ಲಾಗಿನ್ನಿಗೆ ಕೊಡುವುದು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತಿನ ಕೆಲಸ. ನಾಳೆ ಕೊಡುತ್ತೇನೆ ಎಂದಳು. ಆ ನಾಳೆ ಬರಲೇ ಇಲ್ಲ. ಮಾಮ ಎರಡು ಸಲ ನೆನಪಿಸಿದ, ಆಮೇಲೆ ಅವಳ ಮುಖ ನೋಡಿ ಅರ್ಥ ಮಾಡಿಕೊಂಡು ಸುಮ್ಮನಾದ. ಅಕ್ಕ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರತೊಡಗಿದಳು. ಮೊದಲ ಶಿಫ್ಟಿನ ಸೈರನ್ ಕೂಗುತ್ತಿದ್ದಂತೆ ಹಸಿರು ದೀಪ ಹತ್ತುತ್ತಿತ್ತು. ಅದನ್ನು ನೋಡಿ ಕಾಫಿ ಕುಡಿಯುತ್ತಿದ್ದಳು. ಹುಚ್ಚೇ ಸರಿ. ಆದರೆ ಕೆಲವರು ಫೋಟೋಗೆ ಹೂ ಇಡುತ್ತಾರೆ, ಕೆಲವರು ಹಳೇ ಅಂಗಿ ಮಡಚಿಡುತ್ತಾರೆ. ಅವಳಿಗೆ ಸಿಕ್ಕಿದ್ದು ಇದು. ಮಧ್ಯಾಹ್ನ ದೀಪ ಆರಿದಾಗ ಬಸ್ಸು ಹತ್ತಿದರೇನೋ ಅನಿಸುತ್ತಿತ್ತು.

ಹೀಗೆ ಎರಡು ವರ್ಷ ನಡೆಯಿತು.

ಸಿಲಿಂಡರ್ ಕಂಪನಿಯವರು ವರ್ಷಕ್ಕೊಮ್ಮೆ ತಮ್ಮ ಆಡಿಟರನ್ನು ಕಳಿಸುತ್ತಿದ್ದರು. ಹೋದ ಸಲದವನು ಕಾಗದ ನೋಡಿ ಹೋಗಿದ್ದ. ಈ ಸಲ ಬಂದವನು ಮೆಲುಮಾತಿನ ಮನುಷ್ಯ. ಪರೀಕ್ಷೆ ಮಾಡಿದವರನ್ನು ಮಾತಾಡಿಸಬೇಕು ಎಂದು ವಾಲ್ವಿನ ಟ್ಯಾಗ್ ನೋಡಿ ಹೆಸರು ಹೇಳಿದ. ತೊಟ್ಟಿಯ ಸುತ್ತ ಎಲ್ಲರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಮಾಮನೇ, "ಅವರು ತೀರಿಕೊಂಡಿದ್ದಾರೆ ಸಾರ್" ಎಂದ.

"ಯಾವಾಗ? ಇದು ಹೋದ ವಾರದ ಟ್ಯಾಗು."

"ಎರಡು ವರ್ಷ ಆಯ್ತು ಸಾರ್" ಎಂದ ಮಾಮ. ಆಡಿಟರ್ ನಗಲಿಲ್ಲ, ಕೂಗಾಡಲೂ ಇಲ್ಲ. ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡು, "ಸತ್ತವರು ಪಾಸ್ ಮಾಡಿದ ಮಾಲು ನಮಗೆ ಬೇಡ. ಅವರು ಹೋದ ದಿನದಿಂದ ಇವತ್ತಿನವರೆಗೆ ಈ ಹೆಸರಲ್ಲಿ ಬಂದಿದ್ದು ನಮ್ಮ ಗೋದಾಮಲ್ಲಿ ಎಷ್ಟು ಉಳಿದಿದೆಯೋ ಅಷ್ಟೂ ವಾಪಸ್ ಕಳಿಸ್ತೀವಿ" ಎಂದ.

ಆ ಸಂಜೆ ದೊಡ್ಡ ಸಾಹೇಬರು ಅಕ್ಕನನ್ನು ಕರೆಸಿದರು. ಕೆಟ್ಟ ಮನುಷ್ಯರೇನಲ್ಲ, ಮೇಷ್ಟ್ರು ಹೋದಾಗ ಚಿತೆಯ ಬೆಂಕಿ ಆರುವವರೆಗೂ ನಿಂತಿದ್ದವರು. ಆದರೆ ಕುರ್ಚಿ ಅಲುಗಾಡಿದಾಗ ಎಂಥವರೂ ಪಕ್ಕದಲ್ಲಿ ಇದ್ದವರನ್ನು ಹಿಡಿದುಕೊಳ್ಳುತ್ತಾರೆ.

"ನೋಡಮ್ಮ, ಆ ತೊಟ್ಟಿಯವರು ಪಾಸ್‌ವರ್ಡ್ ಕದ್ದು ಬಳಸಿದ್ರು ಅಂತ ಬರೆದುಬಿಡೋಣ. ಮಾಮಂಗೆ ಹೇಗೂ ವಯಸ್ಸಾಯ್ತು, ಮನೆಗೆ ಹೋಗ್ಲಿ. ನಿಮ್ಮ ಹೆಸರು ಬರಲ್ಲ" ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ. ಅಕ್ಕನಿಗೆ ಒಂದು ಕ್ಷಣ ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಯಿತು. ಮನೆಯಲ್ಲಿ ವಯಸ್ಸಾದ ಅತ್ತೆ, ಕಾಲೇಜಿಗೆ ಹೋಗುವ ಮಗಳು. ಆದರೆ ಮಾಮ ತಲೆ ತಗ್ಗಿಸಿ ‘ಬೇಜಾರಾದ್ರೆ ನಿಲ್ಲಿಸಿಬಿಡಿ’ ಎಂದದ್ದು ಕಿವಿಯಲ್ಲಿತ್ತು.

"ಕದ್ದಿಲ್ಲ ಸಾರ್. ಮಾಮ ತಮ್ಮ ಲಾಗಿನ್ನಿಗೇ ಅಧಿಕಾರ ಕೇಳಿದ್ರು, ನಾನು ಕೊಡಲಿಲ್ಲ. ತೆರೆದಿಟ್ಟವಳು ನಾನು" ಎಂದಳು.

"ಯಾಕಮ್ಮ? ನಿಮಗೆ ಗೊತ್ತಿಲ್ಲದ ನಿಯಮಾನಾ?"

"ಅವರು ಕೆಲಸಕ್ಕೆ ಬರೋದು ಕಾಣ್ತಿತ್ತು ಸಾರ್."

ಸಾಹೇಬರು ಬರೆಯಲು ತೆಗೆದಿದ್ದ ಕಾಗದವನ್ನು ಮಡಚಿಟ್ಟರು. ಮಾಮನ ಕೆಲಸ ಉಳಿಯಿತು. ಅಕ್ಕನ ಜಾಗಕ್ಕೆ ಬೇರೆಯವರು ಬರುವುದು, ಅಕ್ಕ ಉಗ್ರಾಣದಲ್ಲಿ ಬಾರ್‌ಕೋಡ್ ಅಂಟಿಸುವ ವಿಭಾಗ ನೋಡಿಕೊಳ್ಳುವುದು ಎಂದು ತೀರ್ಮಾನವಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ತನ್ನನ್ನೇ ಬೈದುಕೊಳ್ಳುತ್ತ ಮನೆಗೆ ಬಂದಳು.

ಮನೆಯಲ್ಲಿ ಅತ್ತೆಗೆ ಸುದ್ದಿ ಆಗಲೇ ಮುಟ್ಟಿತ್ತು. ಪಕ್ಕದ ಬೀದಿಯ ಹೆಂಗಸೊಬ್ಬಳು ಪ್ಯಾಕಿಂಗಿನಲ್ಲಿ ಕೆಲಸ ಮಾಡುತ್ತಿದ್ದಳಲ್ಲ.

"ನನ್ನ ಮಗ ನೋಡಿದ ಮಾಲು ವಾಪಸ್ ಬರುತ್ತಂತಲ್ಲೇ? ಅವನು ಬದುಕಿದ್ದಾಗ ಒಂದೂ ಬಂದಿರಲಿಲ್ಲ ಅಂತಿದ್ದ."

"ಅವರು ನೋಡಿದ್ದಲ್ಲ ಅತ್ತೆ. ನಾನು ಮಾಡಿದ ಕೆಲಸ ಅದು" ಎಂದು ಅಕ್ಕ ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಬೈಗುಳಕ್ಕೆ ಕಾದಳು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ನಂಗೆ ಒಂದು ಮಾತು ಹೇಳಿದ್ದಿದ್ರೆ ನಾನೂ ಬಂದು ನೋಡ್ತಿದ್ದೆ ಕಣೆ, ಆ ದೀಪಾನ. ನೀನೊಬ್ಳೇ ನೋಡ್ಕೊಂಡ್ಯಲ್ಲ" ಎಂದಳು. ಬೈದಿದ್ದರೇ ವಾಸಿ ಇತ್ತು. ಇಬ್ಬರೂ ಅತ್ತರು.

ಮುಂದಿನ ವಾರ ಪೆಟ್ಟಿಗೆಗಳು ಬಂದವು. ಒಂದು ಲಾರಿಯಲ್ಲ, ಸಾಲು ಲಾರಿ. ಅಂಗಳದಲ್ಲಿ ಆಳೆತ್ತರಕ್ಕೆ ಪೇರಿಸಿದರು. ಪ್ರತಿ ವಾಲ್ವಿನ ಕೊರಳಲ್ಲೂ ಟ್ಯಾಗು, ಪ್ರತಿ ಟ್ಯಾಗಿನಲ್ಲೂ ಅವನ ಹೆಸರು. ಬದುಕಿದ್ದಷ್ಟು ದಿನ ಒಂದೂ ವಾಪಸ್ ಬಾರದವನ ಹೆಸರಿಗೆ ಸತ್ತ ಮೇಲೆ ಇಷ್ಟು ಬಂದವು. ಸಿಸ್ಟಮ್ಮಿನಲ್ಲಿ ಅವನ ಹೆಸರಿನ ಮುಂದಿನ ಸೊನ್ನೆ ಹೋಗಿ ದೊಡ್ಡ ಸಂಖ್ಯೆ ಕೂತಿತು, ಕೆಂಪಕ್ಷರದಲ್ಲಿ. ಅಕ್ಕ ಅದನ್ನು ನೋಡಿ ಪರದೆಯ ಮೇಲೆ ಕೈ ಅಡ್ಡ ಇಟ್ಟಳು. ನಾಚಿಕೆಯೆಂದರೆ ಅವಳಿಗೆ ಅಂಥ ನಾಚಿಕೆಯಾಗಿತ್ತು, ಗಂಡನ ಎದುರು ನಿಂತು ತಪ್ಪಾಯ್ತು ಎನ್ನುವುದಕ್ಕೂ ಗಂಡನಿಲ್ಲ.

ಮಾಮ ಮತ್ತು ಅವನ ಜೊತೆಯವರು ಒಂದೊಂದನ್ನೂ ಬಿಚ್ಚಿ, ಹಳೇ ಟ್ಯಾಗು ಕತ್ತರಿಸಿ, ತೊಟ್ಟಿಯಲ್ಲಿ ಮುಳುಗಿಸಿ ಮತ್ತೆ ನೋಡಿದರು. ಅಕ್ಕ ತನ್ನ ಕೆಲಸ ಮುಗಿಸಿ ಬಂದು ಕತ್ತರಿ ಹಿಡಿದು ಅವರ ಜೊತೆ ಕೂರುತ್ತಿದ್ದಳು. ಕತ್ತರಿಸಿದ ಟ್ಯಾಗುಗಳು ನೆಲದ ತುಂಬ ಬಿದ್ದಿರುತ್ತಿದ್ದವು. ಗುಡಿಸುವವಳು ಅವಳು ಏಳುವವರೆಗೂ ಪೊರಕೆ ಹಿಡಿದು ದೂರ ನಿಂತಿರುತ್ತಿದ್ದಳು.

"ಒಂದರಲ್ಲೂ ಗುಳ್ಳೆ ಬರಲಿಲ್ಲಕ್ಕ" ಎಂದ ಮಾಮ, ಕೊನೆಯ ಪೆಟ್ಟಿಗೆ ಮುಗಿದ ದಿನ. "ಎಲ್ಲ ಸರಿಯಾಗೇ ಇತ್ತು."

"ಗೊತ್ತಿತ್ತು ಮಾಮ."

"ಹಂಗಾದ್ರೆ ಆ ಲೆಕ್ಕಾನ ತಿರುಗಿ ಸೊನ್ನೆ ಮಾಡಕ್ಕಾಗಲ್ವ? ನೀವು ಕೈ ಹಾಕಿದ್ರೆ ಆಗದ್ದೇನಿದೆ?"

"ವಾಪಸ್ ಬಂದಿದ್ದು ಬಂದಂಗೇ ಮಾಮ. ಸೋರಿತ್ತೋ ಇಲ್ವೋ ಅಂತ ಅದು ಕೇಳಲ್ಲ" ಎಂದಳು ಅಕ್ಕ.

ಉಳಿದದ್ದು ಒಂದೇ ಕೆಲಸ. ಹೊಸ ವ್ಯವಸ್ಥಾಪಕರಿಗೆ ಕೋಣೆ ಒಪ್ಪಿಸುವ ಮುಂಚೆ ಆ ಲಾಗಿನ್ನನ್ನು ಮುಚ್ಚಬೇಕು. ನಾನು ಮಾಡುತ್ತೇನೆ ಎಂದು ಕೈಕೆಳಗಿನವನೊಬ್ಬ ಮುಂದೆ ಬಂದ. ಬೇಡ ಎಂದು ಅವನನ್ನು ಕಳಿಸಿ ಕೂತಳು. ಮಾಮ ಶಿಫ್ಟ್ ಮುಗಿಸಿ ಬಂದು, ಒಳಗೆ ಬಾರದೆ ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತ.

ಹೆಸರು ತೆರೆದಳು. ಸಿಸ್ಟಮ್ ಕಾರಣ ಕೇಳಿತು. ರಾಜೀನಾಮೆ, ವರ್ಗಾವಣೆ, ನಿವೃತ್ತಿ ಎಲ್ಲ ದಾಟಿ ಕೆಳಗೆ ಹೋಗಿ ‘ಮರಣ’ ಎನ್ನುವುದನ್ನು ಒತ್ತಿದಳು. ಕೆಲಸ ಮಾಡಿದ ಕೊನೆಯ ದಿನ ಯಾವುದು ಎಂದು ಕೇಳಿತು. ಬಸ್ಸಿನ ಆ ಮಧ್ಯಾಹ್ನದ ತಾರೀಖನ್ನು ತುಂಬಿದಳು. ಅದನ್ನು ಮರೆಯುವುದುಂಟೇ.

ಸಿಸ್ಟಮ್ ಒಪ್ಪಲಿಲ್ಲ. ‘ಈ ದಿನಾಂಕದ ನಂತರವೂ ಇವರ ಕೆಲಸ ದಾಖಲಾಗಿದೆ. ದಿನಾಂಕ ಸರಿಪಡಿಸಿ’ ಎಂದು ಬಂತು.

ಮತ್ತೆ ತುಂಬಿದಳು. ಮತ್ತೆ ಅದೇ. ಯಾಕೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹೀಗೆ ಬಂದಾಗ ಏನು ಮಾಡಬೇಕೆಂದು ಎಷ್ಟೋ ಜನರಿಗೆ ಅವಳೇ ಹೇಳಿಕೊಟ್ಟಿದ್ದಳು. ಕೊನೆಯ ಕೆಲಸ ಯಾವತ್ತು ದಾಖಲಾಗಿದೆಯೋ ಅವತ್ತಿನದೇ ತಾರೀಖು ಹಾಕಬೇಕು. ಹೊಸ ಪರೀಕ್ಷೆಗೆ ಮಾಮನ ಲಾಗಿನ್ನಿಗೆ ಅಧಿಕಾರ ಸಿಕ್ಕಿದ್ದರೂ, ವಾಪಸ್ ಬಂದ ಹಳೇ ಟ್ಯಾಗುಗಳನ್ನು ಮೇಷ್ಟ್ರ ಹೆಸರಿನಲ್ಲೇ ತೆರೆದು ರದ್ದು ಮಾಡಬೇಕಿತ್ತು, ಕೊನೆಯದು ರದ್ದಾದದ್ದು ಇವತ್ತು ಬೆಳಿಗ್ಗೆ. ಅಕ್ಕ ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಕೂತಳು. ಎರಡು ವರ್ಷದ ಹಿಂದೆ ಶವದ ಮುಂದೆ ಅಳುವಾಗಲೂ ಸುತ್ತ ಜನರಿದ್ದರು, ಕೆಲಸಗಳಿದ್ದವು, ಯಾರೋ ಸಹಿ ಕೇಳುತ್ತಿದ್ದರು. ಇವತ್ತು ಕೋಣೆಯಲ್ಲಿ ಏನೂ ಇರಲಿಲ್ಲ, ಆ ಖಾಲಿ ಚೌಕ ಒಂದೇ. ಕಣ್ಣು ಒರೆಸಿಕೊಂಡು ಇವತ್ತಿನ ತಾರೀಖು ಹಾಕಿದಳು. ಒಪ್ಪಿತು. ಪಟ್ಟಿಯಿಂದ ಅವನ ಹೆಸರು ಹೋಯಿತು.

"ಆಯ್ತಾ ಅಕ್ಕ?" ಎಂದ ಮಾಮ, ಬಾಗಿಲಿನಿಂದ.

"ಆಯ್ತು ಮಾಮ" ಎಂದಳು ಅಕ್ಕ. "ಇವತ್ತು ಹೋದ್ರು."