ಐಸಿನಲ್ಲಿಟ್ಟ ಇನ್ಸುಲಿನ್

ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ದಿನವೂ ಇನ್ಸುಲಿನ್ ಚುಚ್ಚದಿದ್ದರೆ ಅವಳು ಉಳಿಯುವುದಿಲ್ಲ; ಡಾಕ್ಟರು ಇದನ್ನು ಸುತ್ತಿ ಬಳಸದೆ ಹೇಳಿದ್ದರು. ಆ ಬೇಸಿಗೆಯಲ್ಲಿ ಅದೇ ಔಷಧಿಗೆ ಎಲ್ಲ ಕಡೆ ತತ್ವಾರವಾಯಿತು. ತಿಂಗಳಿಗಾಗುವಷ್ಟು ಕೊಡುತ್ತಿದ್ದ ಆಸ್ಪತ್ರೆಯಲ್ಲಿ ಒಬ್ಬರಿಗೆ ಒಂದೇ ಬಾಟ್ಲಿ ಎಂದರು, ಅದೂ ಹೆಸರು ಬರೆಸಿ ಕಾದರೆ. ಔಷಧಿ ಕೊಡುವ ಅಕ್ಕ ಒಳ್ಳೆಯವರು. ಇದ್ದ ಬಾಟ್ಲಿಗಳಿಗೆಲ್ಲ ಆಗಲೇ ಬೇರೆಯವರ ಹೆಸರು ಬಿದ್ದಿದ್ದರಿಂದ ನನ್ನೆದುರೇ ಭಟ್ಕಳಕ್ಕೆ ಫೋನ್ ಹಚ್ಚಿದರು, ಅಲ್ಲಿಲ್ಲ. ಕುಮಟಾದಲ್ಲಿ ಒಂದು ಉಳಿದಿತ್ತು.

"ನಾಳೆ ಹೋಗಿ ತಕೊಳ್ಳಿ. ಬಿಸಿಲು ತಾಗಿಸ್ಬೇಡಿ, ತಂಪಲ್ಲೇ ಇಟ್ಕೊಂಡು ಬನ್ನಿ," ಎಂದರು.

ತಂಪಿನ ಪಾಠ ನನಗೆ ಹೇಳಬೇಕೇ! ಹೊನ್ನಾವರದಲ್ಲಿ ದೋಣಿ ನಿಲ್ಲುವ ದಕ್ಕೆಯಲ್ಲಿ ಮೀನು ಕೊಂಡು ಊರೂರಿಗೆ ಮಾರುವವಳು ನಾನು. ಐಸ್ ಪುಡಿಗೆ ಹಿಡಿ ಹಿಡಿ ಉಪ್ಪು ಬೆರೆಸಿಟ್ಟರೆ ಬಂಗಡೆಯ ಕಣ್ಣು ಮರುದಿನಕ್ಕೂ ಮಸುಕಾಗುವುದಿಲ್ಲ. ಕುಮಟಾದಲ್ಲಿ ಬಾಟ್ಲಿ ಕೈಗೆ ಬಂದದ್ದೇ ತಡ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೀನಿನ ಪೆಟ್ಟಿಗೆಯ ಉಪ್ಪು ಐಸಿನ ಅಡಿಗೆ ಹುಗಿದೆ. ಬಸ್ಸಿನಲ್ಲಿ ಎರಡು ಸಲ ಮುಟ್ಟಿ ನೋಡಿ, ತಣ್ಣಗಿದೆಯೆಂದು ಹಿಗ್ಗಿದೆ, ಮಂಕು ನಾನು.

ಮನೆಯಲ್ಲಿ ತೆಗೆದು ನೋಡಿದರೆ ಒಳಗಿನ ಔಷಧಿ ಉಪ್ಪು ಐಸಿನ ಚಳಿಗೆ ಹೆಪ್ಪುಗಟ್ಟಿ ಕಲ್ಲಾಗಿತ್ತು. ಅಕ್ಕನಿಗೆ ಫೋನ್ ಮಾಡಿದೆ.

"ಅಯ್ಯೋ ದೇವ್ರೇ, ಗಟ್ಟಿಯಾದ್ರೆ ಅದ್ರ ಶಕ್ತಿ ಹೋತು. ಕರಗಿದ್ರೂ ಚುಚ್ಬೇಡಿ."

ಹಳೆಯ ಬಾಟ್ಲಿಯಲ್ಲಿ ಒಂದು ಹೊತ್ತಿಗಾಗುವಷ್ಟು ಮಾತ್ರ ಉಳಿದಿತ್ತು. ನನ್ನ ಕೈಯನ್ನು ನಾನೇ ಕಡಿದು ಹಾಕಬೇಕೆನಿಸಿತು.

ಮರುದಿನ ಔಷಧಿ ಕಿಟಕಿ ತೆರೆಯುವ ಮೊದಲೇ ಹೋಗಿ ನಿಂತೆ. ಮಾನ ಮರ್ಯಾದೆ ಎಲ್ಲ ಬಿಟ್ಟು ಗೋಳೋ ಎಂದು ಅತ್ತುಬಿಟ್ಟೆ. "ನನ್ನ ತಪ್ಪಿಗೆ ಕೂಸು ಯಾಕೆ ಸಾಯ್ಬೇಕು?" ಎಂದೆ. ಅಕ್ಕ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದರು. ಒಳಗೆ ಒಂದೇ ಬಾಟ್ಲಿ ಇತ್ತು, ಅದಕ್ಕೆ ಬೇರೆಯವರ ಹೆಸರಿನ ಚೀಟಿ ಅಂಟಿಸಿದ್ದರು. ಚೀಟಿ ಕಿತ್ತು ಬಾಟ್ಲಿಯನ್ನು ನನ್ನ ಕೈಗಿಟ್ಟರು.

"ಮೊದ್ಲು ಮಕ್ಕಳಿಗೆ. ಅವರಿಗೆ ನಾ ಹೇಳ್ಕೊಳ್ತೆ, ನೀವು ಹೋಗಿ."

ಯಾರದೆಂದು ನಾನು ಕೇಳಲಿಲ್ಲ. ಕೇಳಲು ಹೆದರಿಕೆಯಾಗಿತ್ತು.

ಬಾಗಿಲಲ್ಲೇ ನನ್ನ ಖಾಯಂ ಗಿರಾಕಿ ಅಜ್ಜ ಎದುರಾದ. ಅವನೂ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವವನು. ನಾನು ಬಾಟ್ಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

"ಎಂತ ತಂಗಿ, ಸಿಕ್ತಾ?"

"ಇಲ್ಲ ಅಜ್ಜ."

"ಅಳ್ಬೇಡ ಮಾರಾಯ್ತಿ. ನಂಗೊಂದು ತೆಗೆದಿಟ್ಟಾರೆ. ಅದ್ನೇ ಕೂಸಿಗೆ ಕೊಡ್ವ, ನಿಲ್ಲು," ಎನ್ನುತ್ತ ಅಜ್ಜ ಕಿಟಕಿಯತ್ತ ನಡೆದ.