ಕೋವಿ ಮೇಸ್ತ್ರಿಯ ಮೂರು ಪುಟ

ಚುನಾವಣೆ ಘೋಷಣೆಯಾದ ವಾರ, ಮೆರವಣಿಗೆಯೊಂದಕ್ಕೆ ಅನುಮತಿ ಕೇಳಲು ಠಾಣೆಗೆ ಹೋಗಿದ್ದೆ. ಜಗುಲಿಯ ಗೋಡೆಗೆ ರೈತರ ಕೋವಿಗಳನ್ನು ಸೌದೆಯಂತೆ ಒರಗಿಸಿದ್ದರು. ಪ್ರತಿಯೊಂದಕ್ಕೂ ಒಂದು ದಾರ, ದಾರಕ್ಕೊಂದು ಚೀಟಿ. ಬೆಳೆ ಕಾಯಲು ಪರವಾನಗಿ ಪಡೆದ ಕೋವಿಗಳನ್ನು ಮತದಾನ ಮುಗಿಯುವವರೆಗೆ ಒಪ್ಪಿಸಿಡಬೇಕೆಂಬುದು ನಿಯಮ. ಹಳೆಯ ಎಣ್ಣೆ, ಹಸಿ ತುಕ್ಕು, ಸುಟ್ಟ ಗಂಧಕ ಬೆರೆತ ವಾಸನೆ ಮೂಗಿಗೆ ತಾಗಿದ್ದೇ ತಡ, ಬಂದ ಕೆಲಸ ಮರೆತುಹೋಯಿತು. ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿದ್ದ ಕೋವಿ ಮೇಸ್ತ್ರಿಯ ಅಂಗಿಯಿಂದ ಬರುತ್ತಿದ್ದುದು ಇದೇ ವಾಸನೆ...

ಶಿವಮೊಗ್ಗದಲ್ಲಿ ಕೋವಿ ತಯಾರಾಗುತ್ತಿತ್ತು ಎಂದರೆ ಇಂದಿನವರು ನಗುತ್ತಾರೆ. ತಯಾರಾಗುತ್ತಿದ್ದುದು ಕಾಡುಹಂದಿ ನುಗ್ಗುವ ಹೊಲಗಳಿಗೆ ಬೇಕಾದ ಒಂಟಿ ನಳಿಗೆಯ ಕೋವಿ. ನಳಿಗೆಯ ಬಾಯಿಂದ ಮದ್ದು ಗಿಡಿದು, ಹಿಂದೆ ಕಿಡಿ ಹಾರಿಸುವ ಕೇಪು ಇಟ್ಟು ಹೊಡೆಯುವಂಥದ್ದು. ನಮ್ಮ ಮನೆಯ ಎದುರಿನ ಕಾರ್ಖಾನೆಯಲ್ಲಿ ಪರವಾನಗಿ ಸಾಹುಕಾರರದ್ದು, ನಳಿಗೆಯ ಮೇಲಿನ ಮುದ್ರೆಯೂ ಅವರ ಮನೆತನದ್ದು. ನಳಿಗೆ ಕೊರೆದು, ಬೀಟೆಯ ಹಿಡಿ ಕೂರಿಸಿ, ಕೇಪಿಗೆ ಬಡಿಯುವ ಕುದುರೆ ಜೋಡಿಸುತ್ತಿದ್ದ ಮೇಸ್ತ್ರಿಯ ಗುರುತು ಎಲ್ಲಿಯೂ ಇರಲಿಲ್ಲ. ಅವರು ಭದ್ರಾವತಿಯ ಲೇತ್ ಶೆಡ್ಡೊಂದರಲ್ಲಿ ಕೆಲಸ ಕಲಿತವರು. ಮನೆಯಲ್ಲಿ ತಮಿಳು, ಓಣಿಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು ಆಡುತ್ತಿದ್ದರು. ಪ್ರತಿ ಹೊಸ ಕೋವಿಗೂ ಇಮ್ಮಡಿ ಮದ್ದು ತುಂಬಿ ತಾವೇ ಮೊದಲ ಗುಂಡು ಹೊಡೆದು ಪರೀಕ್ಷಿಸಬೇಕಿತ್ತು. ಕಿವಿಗೆ ಇಟ್ಟುಕೊಳ್ಳಲು ಒಂದು ಚೂರು ಹತ್ತಿಯನ್ನೂ ಸಾಹುಕಾರರು ಕೊಡಿಸಿದವರಲ್ಲ. ಎಡಗಿವಿ ಪೂರ್ತಿ ಹೋಗಿತ್ತು. ಅದನ್ನು ಕಸುಬಿನ ಹೆಮ್ಮೆ ಎಂದವರಿದ್ದಾರೆ. ನಾನು ಅದನ್ನು ಗಾಯ ಎನ್ನುತ್ತೇನೆ.

ಮೇಸ್ತ್ರಿಗೆ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಕೇಪಿನ ಕಿಡಿ ಮದ್ದಿಗೆ ಹಾಯುವ ಸಣ್ಣ ತೂತನ್ನು ಅವರು ಕೋವಿಯ ಕಿವಿ ಎನ್ನುತ್ತಿದ್ದರು. ರಿಪೇರಿಗೆ ಬಂದ ಕೋವಿಯ ನಳಿಗೆ ಸವೆದು ಅಪಾಯದ ಸ್ಥಿತಿಗೆ ಬಂದಿದ್ದರೆ, ಆ ತೂತಿಗೆ ಮೆದು ಕಬ್ಬಿಣದ ಮೊಳೆ ಬಡಿದು ಮುಚ್ಚಿಬಿಡುತ್ತಿದ್ದರು. ಆಮೇಲೆ ಅದರಿಂದ ಯಾರೂ ಗುಂಡು ಹಾರಿಸುವಂತಿರಲಿಲ್ಲ.

ನಾನಾಗ ಕಾನೂನು ಓದುತ್ತಿದ್ದೆ. ಅಪಾಯ ಎಂದು ಚೀಟಿ ಬರೆದು ಕಟ್ಟಿದರೆ ಸಾಲದೇ ಎಂದು ಕೇಳಿದ್ದೆ.

“ಚೀಟಿ ಓದೋನು ಹೊಲ ಕಾಯಲ್ಲ ಲಾಯರಮ್ಮ,” ಎಂದರು. “ಕಾಯೋನಿಗೆ ಓದಕ್ಕೆ ಬರಲ್ಲ.”

ನನ್ನ ಪಠ್ಯಪುಸ್ತಕಗಳಲ್ಲಿ ಅಷ್ಟು ನಿಚ್ಚಳವಾದ ವಾಕ್ಯವನ್ನು ನಾನು ಕಂಡಿರಲಿಲ್ಲ.

ಆ ವರ್ಷವೂ ಚುನಾವಣೆಯಿತ್ತು. ಒಪ್ಪಿಸಿದ ಕೋವಿಗಳನ್ನು ಠಾಣೆಯವರು ಸೋರುವ ಕೋಣೆಯೊಂದರಲ್ಲಿ ರಾಶಿ ಹಾಕಿ, ಫಲಿತಾಂಶ ಬಂದ ಮೇಲೂ ಮಳೆಗಾಲವಿಡೀ ಮರೆತರು. ಕೊನೆಗೆ ಬಿಡಿಸಿಕೊಂಡು ರಿಪೇರಿಗೆ ತಂದವುಗಳಲ್ಲಿ ಊರಾಚೆಯ ಜಮೀನ್ದಾರರೊಬ್ಬರ ಕೋವಿಯೂ ಇತ್ತು. ಮೇಸ್ತ್ರಿ ನಳಿಗೆಯೊಳಗೆ ಸಲಾಕೆ ಹಾಕಿ ತಿರುಗಿಸಿದರು. ತುಕ್ಕು ಹಕ್ಕಳೆ ಹಕ್ಕಳೆಯಾಗಿ ಉದುರಿತು. ಅವರು ಮೊಳೆ ಹುಡುಕತೊಡಗಿದಾಗ ಸಾಹುಕಾರರು ಗಲ್ಲಾದಿಂದ ಎದ್ದು ಬಂದರು. ಎದುರಿನ ಕಟ್ಟೆಯಲ್ಲಿ ಕುಳಿತಿದ್ದ ನನಗೆ ಪ್ರತಿ ಮಾತೂ ಕೇಳಿಸಿತು.

“ಏಯ್, ಅದು ಯಾರದ್ದು ಗೊತ್ತೇನಯ್ಯಾ? ನಮ್ಮ ಲೈಸೆನ್ಸ್ ರಿನೀವಲ್ ಆಗೋದೇ ಅವರ ಮಾತಿಂದ. ಎಣ್ಣೆ ಹಚ್ಚಿ ಕೊಡು.”

“ಕಿವಿ ಮುಚ್ಚಿ ಕೊಡ್ತೀನಿ ಸಾವ್ಕಾರ್ರೇ. ಗೋಡೆಗೆ ನೇತಾಕ್ಲಿ, ಬಂದೋರಿಗೆಲ್ಲ ತೋರ್ಸಕ್ಕೆ ಅಂದ ಇರ್ತದೆ.”

“ನಿಂಗೆ ಒಂದು ಕಿವಿ ಇಲ್ಲ, ಇನ್ನೊಂದಕ್ಕೂ ಹೇಳಿದ್ದು ಹೋಗಲ್ಲ. ಕೊಡು ಮಾರಾಯ!”

ಮೇಸ್ತ್ರಿ ಆಗಲೇ ಸುತ್ತಿಗೆ ಎತ್ತಿಕೊಂಡಿದ್ದರು. ಅದನ್ನು ಕೆಳಗಿಟ್ಟು, ಎಣ್ಣೆ ಬಟ್ಟೆ ಎತ್ತಿಕೊಂಡರು.

ಜಮೀನ್ದಾರರು ಎಂದಾದರೂ ಜೋಳದ ಹೊಲ ಕಾಯಲು ಹೋಗುತ್ತಾರೆಯೇ? ಕೋವಿಯನ್ನು ಕೂಲಿಯಾಳಿನ ಕೈಗೆ ಕೊಟ್ಟರು. ಮೊದಲ ಗುಂಡಿಗೇ ನಳಿಗೆ ಸಿಡಿದು ಅವನ ಎಡಗೈಯ ನಾಲ್ಕು ಬೆರಳು ಹೋದವು. ಕೋವಿಯನ್ನು ಅವನೇ ಕೇಳದೆ ಒಯ್ದನೆಂದು ಜಮೀನ್ದಾರರು ಹೇಳಿಕೆ ಕೊಟ್ಟರು. ಮದ್ದು ಅತಿಯಾಗಿ ತುಂಬಿದನೆಂದು ಸಾಹುಕಾರರು ಸಾಕ್ಷಿ ನುಡಿದರು. ಕೋವಿಯನ್ನು ಕೊಳೆಸಿದ ಠಾಣೆಯೇ, ಪರವಾನಗಿಯಿಲ್ಲದೆ ಕೋವಿ ಬಳಸಿದನೆಂದು ಅವನ ಮೇಲೆ ಪ್ರಕರಣ ಹೂಡಿತು. ಬೆರಳು ಕಳೆದುಕೊಂಡವನೇ ಆರೋಪಿ!

ಪ್ರಕರಣ ದಾಖಲಾದ ಮರುದಿನ ಬೆಳಿಗ್ಗೆ ಮೇಸ್ತ್ರಿ ನಮ್ಮ ಬಾಗಿಲಿಗೆ ಬಂದರು. “ಬರಿಯಮ್ಮಾ. ನಾ ಹೇಳ್ತೀನಿ.”

ಮೂರು ಪುಟವಾಯಿತು. ಆ ನಳಿಗೆ ಎಷ್ಟು ಕಡಿಮೆ ಮದ್ದಿಗೂ ಸಿಡಿಯುತ್ತಿತ್ತೆಂದು ಅವರು ಅಂಗುಲ ಅಂಗುಲವಾಗಿ ವಿವರಿಸಿದರು. ‘ಮಾಲೀಕರ ಒತ್ತಡಕ್ಕೆ ಮಣಿದು’ ಎಂದು ನಾನು ಬರೆದದ್ದನ್ನು ಓದಿಸಿ ಕೇಳಿದಾಗ ತಡೆದರು. “ಸಾವ್ಕಾರ್ರು ಹೇಳಿದ್ದು ಬರಿ, ಅದು ನಿಜ. ಮಣಿದು ಗಿಣಿದು ಹೊಡೆದಾಕು. ಸುತ್ತಿಗೆ ನನ್ನ ಕೈಲಿತ್ತು.”

ಇಬ್ಬರೂ ತನಿಖಾಧಿಕಾರಿಯ ಬಳಿಗೆ ಹೋದೆವು. ಅವರು ಮೊದಲ ಪುಟದ ಮೇಲೆ ಕಣ್ಣಾಡಿಸಿ, “ನಿಮ್ಮನ್ನ ಯಾರ್ರೀ ಕರೆದಿದ್ದು? ವಯಸ್ಸಾಗಿದೆ, ಆರಾಮಾಗಿ ಇರೋದು ಬಿಟ್ಟು...” ಎಂದು ಕಾಗದವನ್ನು ಮೇಜಿನ ಖಾನೆಗೆ ತುರುಕಿದರು. ಕಾನೂನು ಓದುತ್ತಿದ್ದ ನಾನು ಒಂದು ಸ್ವೀಕೃತಿ ಪತ್ರವನ್ನೂ ಕೇಳಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನೂ ಹೇಳಿಬಿಡುತ್ತೇನೆ. ಕೂಲಿಕಾರನ ಪರ ನಮ್ಮ ವಿದ್ಯಾರ್ಥಿ ಸಂಘಟನೆ ನಿಲ್ಲಲಿ ಎಂದು ನಾನೇ ವಿಷಯ ಮಂಡಿಸಿದೆ. ಆಯುಧ ತಯಾರಿಸುವವನ ಹೇಳಿಕೆಯನ್ನು ಹಿಡಿದು ಶಾಂತಿವಾದಿಗಳಾದ ನಾವು ಹೋರಾಡಲಾಗದು ಎಂದು ಹಿರಿಯರೊಬ್ಬರು ಬಹಳ ಸೊಗಸಾಗಿ ಮಾತನಾಡಿದರು. ವಿಷಯ ಕೈಬಿಡೋಣವೆಂದು ಕೈಗಳು ಮೇಲೇರಿದವು. ಅವುಗಳಲ್ಲಿ ನನ್ನದೂ ಒಂದಿತ್ತು.

ಕೂಲಿಕಾರನಿಗೆ ಶಿಕ್ಷೆಯಾಯಿತು, ಪರಿಹಾರದ ಮಾತೇ ಏಳಲಿಲ್ಲ. ಸಾಹುಕಾರರು ಮೇಸ್ತ್ರಿಯನ್ನು ಹೊರಹಾಕಿದರು. ಅವರು ಭದ್ರಾವತಿಗೆ ಮರಳಿದರು. ಅಲ್ಲಿಯೇ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳುಗಳ ನಂತರ, ಬಸ್ಸಿನಲ್ಲಿ ಸಿಕ್ಕವರೊಬ್ಬರಿಂದ...

ಠಾಣೆಯ ಜಗುಲಿಯಿಂದ ಬಂದವಳೇ ಮಾಹಿತಿ ಹಕ್ಕಿನಡಿ ಆ ಹಳೆಯ ಕಡತವನ್ನು ಕೇಳಿ ಅರ್ಜಿ ಹಾಕಿದೆ. ನಕಲು ಕಳೆದ ವಾರ ಕೈಸೇರಿತು. ಜಮೀನ್ದಾರರ ಹೇಳಿಕೆಯಿದೆ, ಸಾಹುಕಾರರ ಹೇಳಿಕೆಯಿದೆ, ಮದ್ದು ಅತಿಯಾಯಿತೆಂಬ ತೀರ್ಮಾನವಿದೆ. ಮೇಸ್ತ್ರಿಯ ಮೂರು ಪುಟಗಳಿಲ್ಲ. ಅಂಥವರೊಬ್ಬರು ಇದ್ದರೆಂಬುದಕ್ಕೆ ಒಂದು ಸಾಲೂ ಇಲ್ಲ. ಒಂದು ಸುಳ್ಳನ್ನು ಇಷ್ಟು ಜೋಪಾನವಾಗಿ ಕಾಪಾಡಬಲ್ಲ ಕಚೇರಿಗೆ ಸತ್ಯದ ಮೂರು ಹಾಳೆಗಳನ್ನು ಇಟ್ಟುಕೊಳ್ಳಲು ಜಾಗವಿರಲಿಲ್ಲ!

ಆ ಕೂಲಿಕಾರನನ್ನು ಹುಡುಕಿಕೊಂಡು ಹೋದೆ. ಈಗ ಮುದುಕ. ಅದೇ ಹೊಲದ ಅಂಚಿನ ಗುಡಿಸಲಿನಲ್ಲಿ ಹೆಬ್ಬೆರಳು ಮತ್ತು ಅಂಗೈಯ ನಡುವೆ ಬಿದಿರಿನ ಸೀಳು ಸಿಕ್ಕಿಸಿಕೊಂಡು ಬುಟ್ಟಿ ಹೆಣೆಯುತ್ತಿದ್ದ. ಕಡತದ ವಿಷಯ ಹೇಳಿದೆ.

“ಮೇಸ್ತ್ರಿ ಆಸ್ಪತ್ರೆಗೆ ಬಂದಿದ್ರು ಕಣಮ್ಮ,” ಎಂದ. “ತಪ್ಪು ನಂದು ಅಂದ್ರು. ಬಾಯಿಗೆ ಬಂದಂಗೆ ಬೈದೆ. ಅವರವ್ವನ್ನೂ ಬಿಡ್ಲಿಲ್ಲ. ಕೂತು ಪೂರ್ತಿ ಕೇಳಿದ್ರು. ‘ಸ್ವಲ್ಪ ಜೋರಾಗಿ ಬೈಯಿ, ಈ ಕಡೆ ಕಿವಿ ಕೇಳಲ್ಲ’ ಅಂದ್ರು. ಆಗ ನಗು ಬಂದ್ಬಿಡ್ತು ನಂಗೆ. ಅವರ ಬಿಟ್ರೆ ಇನ್ಯಾರೂ ಬರ್ಲಿಲ್ಲ ನೋಡು, ಬೈಸ್ಕೊಳ್ಳಕ್ಕೂ.”

ಅಂದು ಸಭೆಯಲ್ಲಿ ಕೈ ಎತ್ತಿದ್ದನ್ನು ಅವನಿಗೆ ಹೇಳಿದೆ. ಬೈಯಲಿ ಎಂದೇ ಹೇಳಿದೆ. ಅವನು ಬೈಯಲಿಲ್ಲ. ಬುಟ್ಟಿಯನ್ನು ಪಕ್ಕಕ್ಕಿಟ್ಟು, “ಹೆಂಗಿದಾರೆ ಈಗ ಮೇಸ್ತ್ರಿ?” ಎಂದು ಕೇಳಿದ. ಅವರು ಸತ್ತಿದ್ದನ್ನು ಇಷ್ಟು ವರ್ಷ ಯಾರೂ ಅವನಿಗೆ ತಿಳಿಸಿರಲಿಲ್ಲ.